ಸಮಾಜಶೋಧನೆಯಲ್ಲಿ ಭೂಪಟದ ಸ್ಥಾನ

ದೇಶ, ಕಾಲ, ಪಾತ್ರಗಳನ್ನು ವಿವೇಚಿಸದೆ ಯಾವ ವಿಷಯವೂ ನಿರ್ಣಯಕ್ಕೆ ಬಾರದೆಂಬುದು ಹಿರಿಯರ ಮತ. ಸಮಾಜಶಾಸ್ತ್ರದ ವ್ಯಾಸಂಗದಲ್ಲಿಯಾದರೋ ಕಾಲಕ್ಕೆ ಸಂದ ಮನ್ನಣೆ ದೇಶಕ್ಕೆ, ಎಂದರೆ ಸ್ಥಳಕ್ಕೆ, ಸಂದಿಲ್ಲ. ಇಸವಿಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು, ಆ ಘಟನೆ ನಡೆದ ಊರು ಯಾವ ಹೊಳೆಯ ದಂಡೆಯಲ್ಲಿದೆಯೆಂದು ಕೇಳಿದರೆ ತಡವರಿಸುತ್ತಾನೆ.

1854ರಲ್ಲಿ ಲಂಡನ್ ನಗರದ ಸೋಹೊ ಬಡಾವಣೆಯಲ್ಲಿ ಕಾಲರಾ ಬೇನೆ ಹಬ್ಬಿತು. ಕೆಟ್ಟ ಗಾಳಿಯೇ ಅದಕ್ಕೆ ಕಾರಣವೆಂದು ಬಹುಮಂದಿ ನಂಬಿದ್ದರು. ವೈದ್ಯನಾದ ಜಾನ್ ಸ್ನೋ ಮನೆಮನೆಗೆ ಹೋಗಿ ವಿಚಾರಿಸಿದನು; ಸಾವು ಸಂಭವಿಸಿದ ಮನೆಗಳನ್ನು ಪಟದಲ್ಲಿ ಗುರುತಿಸಿದನು. ಗುರುತುಗಳು ಬ್ರಾಡ್ ಬೀದಿಯ ನೀರಿನ ಪಂಪಿನ ಸುತ್ತ ದಟ್ಟವಾಗಿ ನೆರೆದವು. ಸಮೀಪದಲ್ಲಿಯೇ ಇದ್ದ ಬಡವರ ವಸತಿಗೃಹದಲ್ಲಿ ಸಾವು ವಿರಳ. ಏಕೆಂದರೆ ಅಲ್ಲಿ ಪ್ರತ್ಯೇಕ ಬಾವಿಯಿತ್ತು. ಗಾಳಿ ಎಲ್ಲರಿಗೂ ಒಂದೇ, ನೀರು ಬೇರೆ: ಪಟವು ಈ ಭೇದವನ್ನು ಕಣ್ಣಿಗೆ ಕಾಣಿಸಿತು.

ಶರಣರ ಚರಿತ್ರೆಗೂ ಈ ಕ್ರಮ ಅನ್ವಯಿಸುತ್ತದೆ. ಅಲ್ಲಮಪ್ರಭುಗಳ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಎರಡೂ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಅಲ್ಲಿಂದ ಕಲ್ಯಾಣವು ನೇರ ಗೆರೆಯಲ್ಲಿಯೇ 400 ಕಿಲೋಮೀಟರಿಗೆ ಮಿಗಿಲು. ನಡುವೆ ಕೃಷ್ಣೆಯನ್ನೂ ಭೀಮೆಯನ್ನೂ ದಾಟಬೇಕು. ಅಕ್ಕನ ಪಯಣದ ಕಾಠಿಣ್ಯವು ಪಟದ ಮುಂದೆ ಕುಳಿತಾಗಲೇ ಮನಸ್ಸಿಗೆ ಇಳಿಯುವುದು. ಸಿದ್ಧರಾಮರ ಸೊನ್ನಲಿಗೆಯಾದರೋ ಕಲ್ಯಾಣಕ್ಕೆ ಸುಮಾರು 110 ಕಿಲೋಮೀಟರು ಮಾತ್ರ. ಆದರೆ ಅದು ಇಂದು ಮಹಾರಾಷ್ಟ್ರದ ಸೊಲ್ಲಾಪುರ. 1956ರ ರಾಜ್ಯ ಪುನರ್ವಿಂಗಡಣೆಯ ಎಲ್ಲೆಯನ್ನು 12ನೆಯ ಶತಮಾನದ ಮೇಲೆ ಎಳೆದರೆ ಹತ್ತಿರದ್ದು ಹೊರಗಾಗಿ, ದೂರದ್ದು ಒಳಗಾಗುವುದು. ಆದುದರಿಂದ ನೆಲೆ, ದೂರ, ಎಲ್ಲೆ ಈ ಮೂರನ್ನೂ ಆಯಾ ಕಾಲಕ್ಕೆ ತಕ್ಕಂತೆ ಗ್ರಹಿಸಬೇಕು. ಶಾಸನದಿಂದ ಸಿದ್ಧವಾದ ಸ್ಥಳಕ್ಕೆ ಒಂದು ಚಿಹ್ನೆ, ಐತಿಹ್ಯದಿಂದ ಬಂದ ಸ್ಥಳಕ್ಕೆ ಇನ್ನೊಂದು ಚಿಹ್ನೆ ಇರತಕ್ಕದ್ದು. ಭಕ್ತಿಯು ಪ್ರಮಾಣದ ಸ್ಥಾನವನ್ನು ಆಕ್ರಮಿಸಬಾರದು.

ಈಗ ಉಪಗ್ರಹದ ಚಿತ್ರಗಳೂ, ಪದರಪದರವಾಗಿ ಮಾಹಿತಿಯನ್ನು ಜೋಡಿಸುವ ಗಣಕಯಂತ್ರಗಳೂ ಬಂದಿವೆ. ಒಂದು ಪದರದಲ್ಲಿ ಬಾವಿ, ಇನ್ನೊಂದರಲ್ಲಿ ಕೇರಿ, ಮತ್ತೊಂದರಲ್ಲಿ ಶಾಲೆಯ ದಾರಿಯನ್ನಿಟ್ಟು ಹೋಲಿಸಬಹುದು. ಆದರೆ ಯಂತ್ರವು ಕೊಟ್ಟದ್ದನ್ನಷ್ಟೇ ತೋರಿಸುವುದು. ಊರಂಚಿನ ಕೇರಿಯನ್ನು ಬರೆಯುವವನೇ ಬಿಟ್ಟರೆ, ಆ ಜನರ ಬವಣೆಯೂ ಪಟದಿಂದ ಮಾಯವಾಗುವುದು. ಎಲ್ಲರನ್ನೂ ಒಳಗೊಂಡ ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಗೆ ಇದು ಸಲ್ಲದು.

ಪ್ರತಿ ಪ್ರೌಢಶಾಲೆಯ ಮಕ್ಕಳು ತಮ್ಮ ಊರಿನ ಒಂದು ಪಟವನ್ನು ತಾವೇ ನಡೆದು, ಕೇಳಿ, ಅಳೆದು ಬರೆಯಲಿ. ಅದಕ್ಕೆ ಬೇಕಾದದ್ದು ಕಾಗದ, ಸೀಸದಕಡ್ಡಿ, ಅಳತೆಯ ಟೇಪು. ಜೊತೆಗೆ ಯಾವ ಮನೆಯನ್ನೂ ಬಿಡದ ಪ್ರಾಮಾಣಿಕತೆ.