ಗಾಡಿಗೆ ಎರಡನೇ ಬ್ಯಾಟರಿ: ಜೋಡಿಸುವ ಮುನ್ನ ಇದನ್ನು ಓದಿ

ಹೋದ ವರ್ಷ ಮಾನ್ವಿ ಕಡೆಯ ನಮ್ಮ ಭತ್ತದ ಹೊಲಕ್ಕೆ ರಾತ್ರಿ ಪಾಳಿಯಲ್ಲಿ ಕಾಲುವೆ ನೀರು ಬಂದಿತ್ತು. ಪಿಕಪ್ ಗಾಡಿಯನ್ನು ಬದುವಿನ ಹತ್ತಿರ ನಿಲ್ಲಿಸಿ, ಅದರ ಬ್ಯಾಟರಿಯಿಂದಲೇ ಎರಡು ಎಲ್‌ಇಡಿ ದೀಪ ಹಚ್ಚಿದ್ದೆ. ನಸುಕಿನಲ್ಲಿ ಕಾಕಾಗೆ ಚೇಳು ಕಡಿಯಿತು. ಚಾವಿ ತಿರುಗಿಸಿದರೆ ಗಾಡಿ 'ಟಕ್' ಅಂದು ಸುಮ್ಮನಾಯಿತು. ಪಕ್ಕದ ಹೊಲದವರ ಟ್ರಾಕ್ಟರ್ ಬರುವಷ್ಟರಲ್ಲಿ ಮುಕ್ಕಾಲು ತಾಸು ಹೋಯಿತು. ಕಾಕಾ ಉಳಿದರು, ಆದರೆ ಆ ಮುಕ್ಕಾಲು ತಾಸು ನಾನು ಮರೆಯುವುದಿಲ್ಲ.

ಇನ್ನೊಂದು ಮಾತು ಹೇಳಬೇಕು. ಆವತ್ತು ಗಾಡಿಯಲ್ಲಿ ಎರಡು ಬ್ಯಾಟರಿ ಇದ್ದವು! ನಾನೇ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ನೇರವಾಗಿ ಜೋಡಿಸಿದ್ದೆ. ಹೀಗೆ ಮಾಡಿದರೆ ಎರಡೂ ಕೂಡಿಯೇ ಖಾಲಿಯಾಗುತ್ತವೆ. ತಪ್ಪು ಅಲ್ಲೇ ಆಗಿತ್ತು.

ಬೇರ್ಪಡಿಸುವುದು ಯಾಕೆ?

ಇಂಜಿನ್ ಓಡುವಾಗ ಎರಡೂ ಬ್ಯಾಟರಿ ಚಾರ್ಜ್ ಆಗಬೇಕು, ನಿಂತಾಗ ಎರಡೂ ಬೇರೆಯಾಗಬೇಕು. ಈ ಕೆಲಸ ಮಾಡುವುದು ವೋಲ್ಟೇಜ್ ನೋಡಿ ಕೂಡುವ ರಿಲೇ. ಅಂಗಡಿಯಲ್ಲಿ 'ವಿಎಸ್‌ಆರ್' ಅಂತ ಕೇಳಿ. ಮುಖ್ಯ ಬ್ಯಾಟರಿ ಸುಮಾರು 13.3 ವೋಲ್ಟ್ ಮುಟ್ಟಿದಾಗ ಕೂಡುತ್ತದೆ, 12.8ರ ಆಸುಪಾಸು ಇಳಿದಾಗ ಬಿಡುತ್ತದೆ.

ಮೊದಲು ಲೆಕ್ಕ ಹಾಕಿ

20 ವ್ಯಾಟಿನ ಎರಡು ದೀಪ ಅಂದರೆ 40 ವ್ಯಾಟ್. 12ರಿಂದ ಭಾಗಿಸಿದರೆ ಸುಮಾರು 3.3 ಆಂಪಿಯರ್. 8 ತಾಸಿಗೆ 27 ಆಂಪಿಯರ್-ಅವರ್. ಔಷಧಿ ಹೊಡೆಯುವ ಬ್ಯಾಟರಿ ಪಂಪನ್ನೂ ಚಾರ್ಜ್ ಮಾಡಿದರೆ 35 ಅಂತ ಹಿಡಿಯಿರಿ. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಕೆಡುತ್ತದೆ. ಹಾಗಾಗಿ 75 ಆಂಪಿಯರ್-ಅವರ್ ಬೇಕು. ಸ್ಟಾರ್ಟಿಂಗ್ ಬ್ಯಾಟರಿಗಿಂತ ಟ್ಯೂಬುಲರ್ ಬ್ಯಾಟರಿ ಈ ಕೆಲಸಕ್ಕೆ ಒಳ್ಳೆಯದು.

ಜೋಡಿಸುವ ಕ್ರಮ

ಸಾಮಾನೆಲ್ಲ ರಾಯಚೂರಿನ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕಿತು.

1. ಮುಖ್ಯ ಬ್ಯಾಟರಿಯ ಮೈನಸ್ ವೈರ್ ಮೊದಲು ಬಿಚ್ಚಿ.
2. ಎರಡನೇ ಬ್ಯಾಟರಿಯನ್ನು ಹಿಂದಿನ ಬಾಡಿಯಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಅಲುಗದಂತೆ ಬಿಗಿಯಿರಿ. ಕ್ಯಾಬಿನ್ ಒಳಗೆ ಇಡಬೇಡಿ, ಚಾರ್ಜ್ ಆಗುವಾಗ ಬರುವ ಗ್ಯಾಸಿಗೆ ಬೆಂಕಿ ಹತ್ತಬಹುದು.
3. ಎರಡು ಪ್ಲಸ್‌ಗಳ ನಡುವೆ ರಿಲೇ ಬರಲಿ. 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿ.
4. ಎರಡೂ ಬ್ಯಾಟರಿಯ ಪ್ಲಸ್ ಹತ್ತಿರವೇ 60 ಆಂಪಿಯರ್ ಫ್ಯೂಸ್ ಹಾಕಿ. ಒಂದೇ ಕಡೆ ಹಾಕಿದರೆ ಸಾಲದು, ಕರೆಂಟ್ ಎರಡೂ ಕಡೆಯಿಂದ ಬರುತ್ತದೆ.
5. ರಿಲೇಯ ಸಣ್ಣ ಕಪ್ಪು ವೈರನ್ನೂ ಎರಡನೇ ಬ್ಯಾಟರಿಯ ಮೈನಸ್ಸನ್ನೂ ಚಾಸಿಗೆ ಕೊಡಿ. ಬಣ್ಣ ಕೆರೆದು ಬರಿ ಕಬ್ಬಿಣಕ್ಕೇ ಬೋಲ್ಟ್ ಹಾಕಿ.
6. ದೀಪ, ಪಂಪ್ ಚಾರ್ಜರ್ ಎಲ್ಲವೂ ಎರಡನೇ ಬ್ಯಾಟರಿಗೇ ಇರಲಿ, ಪ್ರತಿಯೊಂದಕ್ಕೂ ಸಣ್ಣ ಫ್ಯೂಸ್ ಬೇಕು.
7. ಮುಖ್ಯ ಬ್ಯಾಟರಿಯ ಮೈನಸ್ ಕೊನೆಗೆ ಕೂಡಿಸಿ.

ಮೀಟರ್ ಹಿಡಿದು ನೋಡಿ

ಇಂಜಿನ್ ಚಾಲೂ ಮಾಡಿ. ರಿಲೇ ಕೂಡಿದ ಮೇಲೆ ಎರಡೂ ಬ್ಯಾಟರಿಯಲ್ಲಿ 14ರ ಹತ್ತಿರ ವೋಲ್ಟ್ ಕಾಣಬೇಕು. ಬಂದ್ ಮಾಡಿ, ರಿಲೇ ಬಿಟ್ಟ ಮೇಲೆ ಒಂದು ತಾಸು ದೀಪ ಹಚ್ಚಿ. ಎರಡನೇದು ಇಳಿಯಲಿ, ಮುಖ್ಯದ್ದು 12.6ರ ಆಸುಪಾಸು ನಿಲ್ಲಬೇಕು. ಅದೂ ಇಳಿದರೆ ಜೋಡಣೆ ತಪ್ಪಾಗಿದೆ.

ಎಚ್ಚರ ಇರಲಿ

ಹೊಸ ಬಿಎಸ್-6 ಗಾಡಿಗಳು ಕೆಲವೊಮ್ಮೆ ತಾವೇ ಚಾರ್ಜಿಂಗ್ ವೋಲ್ಟೇಜ್ ಇಳಿಸುತ್ತವೆ, ಆಗ ರಿಲೇ ಸರಿಯಾಗಿ ಕೂಡುವುದಿಲ್ಲ. ಅಂಥ ಗಾಡಿಗೂ ಲಿಥಿಯಂ ಬ್ಯಾಟರಿಗೂ ಡಿಸಿ-ಡಿಸಿ ಚಾರ್ಜರ್ ಬೇಕು. ವಾರಂಟಿ ಇದ್ದರೆ ಮೊದಲು ಶೋರೂಮಿನಲ್ಲಿ ಕೇಳಿ. ದೇವದುರ್ಗದ ನಮ್ಮ ಮಾವ ಟ್ರಾಕ್ಟರಿಗೆ ಇದನ್ನೇ ಮಾಡಿಸಿದ್ದಾರೆ. ಟ್ರಾಕ್ಟರಿನ ಆಲ್ಟರ್ನೇಟರ್ ಸಣ್ಣದಿರುತ್ತದೆ, ಅದಕ್ಕೆ ದೊಡ್ಡ ಬ್ಯಾಟರಿ ಕಟ್ಟಬೇಡಿ.

ಮಾನ್ವಿಯಿಂದ ರಾಯಚೂರಿಗೆ ಒಂದು ಸಲ ಹೋಗಿಬಂದರೆ ಖಾಲಿ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ವಾರಕ್ಕೊಮ್ಮೆ ಮನೆಯಲ್ಲಿ ಚಾರ್ಜರ್ ಹಚ್ಚುತ್ತೇನೆ.

ಈಗ ರಾತ್ರಿ ಪಾಳಿಗೆ ಹೋದರೆ ಕಾಕಾ ಮೊದಲು ಕೇಳುವುದು ಒಂದೇ: 'ಗಾಡಿ ಚಾಲೂ ಆಗ್ತೈತೇನೋ ತಮ್ಮಾ?' ಆಗ್ತೈತಿ ಕಾಕಾ, ಅಂತ ಧೈರ್ಯದಿಂದ ಹೇಳುತ್ತೇನೆ.