ಅಲಾಸ್ಕಾ ಹಡಗಿಗೆ ಕೆನಡಾ ವೀಸಾ

ಸಿಯಾಟಲ್ ಸುತ್ತಮುತ್ತ ಇರುವ ನಮ್ಮವರ ಮನೆಗಳಿಗೆ ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದರೆಂದರೆ ಅಲಾಸ್ಕಾ ಕ್ರೂಸ್ ಮಾತು ಬಂದೇ ಬರುತ್ತದೆ. ನಾನು ನಮ್ಮಿಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿಬಂದವನೆಂದು ಗೊತ್ತಾದಮೇಲೆ ಫೋನುಗಳು ಶುರುವಾದವು. ಕೇಳುವುದೆಲ್ಲ ಯಾವ ಕಂಪನಿ, ಎಷ್ಟು ಡಾಲರ್ ಎಂದೇ. ನಾನು ತಿರುಗಿ ಕೇಳುವುದು, ಯಾರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಎಂದು.

ಸಿಯಾಟಲ್ ಇರುವುದು ಅಮೆರಿಕದಲ್ಲಿ, ಅಲಾಸ್ಕಾ ಕೂಡ ಅಮೆರಿಕವೇ. ಮತ್ತೆ ಕೆನಡಾ ವೀಸಾ ಯಾಕೆ? 1886ರ ಒಂದು ಕಾನೂನಿನ ಪ್ರಕಾರ ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಬರೀ ಅಮೆರಿಕದ ಬಂದರುಗಳನ್ನೇ ಸುತ್ತಿ ವಾಪಸಾಗುವಂತಿಲ್ಲ. ನಡುವೆ ಬೇರೆ ದೇಶದ ಬಂದರನ್ನು ಮುಟ್ಟಲೇಬೇಕು. ಈ ದೊಡ್ಡ ಹಡಗುಗಳೋ ಬಹುಪಾಲು ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾದವು. ಹೀಗಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಂತು ಬರುತ್ತವೆ. ಆ ಕೆಲವು ಗಂಟೆಗಾಗಿ ಭಾರತೀಯ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು. ‘ನಾವು ಇಳಿಯೋದೇ ಇಲ್ಲ, ಕ್ಯಾಬಿನ್ನಿನಲ್ಲೇ ಮಲಗಿರ್ತೀವಿ’ ಎಂಬ ವಾದ ನಡೆಯುವುದಿಲ್ಲ. ಸಿಯಾಟಲ್‌ನ ಕೌಂಟರಿನಲ್ಲೇ ವಾಪಸ್ ಕಳಿಸಿಬಿಡಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಆ ವೀಸಾದಿಂದ ವಿನಾಯಿತಿ ಇದೆ, ಎಚ್‌-1ಬಿ ಮಗನಿಗೂ ಊರಿನಿಂದ ಬಂದ ಅಮ್ಮನಿಗೂ ಇಲ್ಲ. ಅಮ್ಮನ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿಯದ್ದೇ ಎಂಬುದನ್ನೂ ನೋಡಿಕೊಳ್ಳಿ. ಟಿಕೆಟ್ ಆಮೇಲೆ.

ಕಾಗದಪತ್ರ ಸರಿಯಿದ್ದರೆ, ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸ ನನಗೆ ಗೊತ್ತಿಲ್ಲ. ದಿನಕ್ಕೊಂದು ಹೋಟೆಲ್, ದಿನಕ್ಕೊಮ್ಮೆ ಪ್ಯಾಕಿಂಗ್, ಬಸ್ಸಿನಲ್ಲಿ ಕಾಲು ಊದಿಸಿಕೊಂಡು ಕೂರುವುದು ಯಾವುದೂ ಇಲ್ಲ. ಮಂಡಿ ನೋವೆಂದರೆ ಆ ದಿನ ಇಳಿಯದಿದ್ದರಾಯಿತು. ಊರೇ ಕಿಟಕಿಗೆ ಬಂದು ನಿಂತಿರುತ್ತದೆ.

ಕಿಟಕಿ ಎಂದಾಗ ನೆನಪಾಯಿತು. ಒಳಗಿನ ಕ್ಯಾಬಿನ್ ಅಗ್ಗ, ಆದರೆ ಅದಕ್ಕೆ ಕಿಟಕಿಯೇ ಇರುವುದಿಲ್ಲ. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದು. ಮಕ್ಕಳಿಗೆ ಅದೇ ಸಾಕು, ಹಿರಿಯರಿಗೆ ಬಾಲ್ಕನಿ ಕೊಡಿಸಿ. ಬೇರೆ ಕಡೆಯ ಕ್ರೂಸಿಗೆ ಈ ಮಾತು ಹೇಳಲಾರೆ, ಅಲಾಸ್ಕಾಕ್ಕೆ ಖಂಡಿತ ಹೇಳುತ್ತೇನೆ. ಜೂನ್ ತಿಂಗಳಲ್ಲೂ ಮೇಲಿನ ಡೆಕ್ಕಿನ ಗಾಳಿಗೆ ಕಿವಿ ಮರಗಟ್ಟುತ್ತದೆ. ನಮ್ಮಮ್ಮ ಮಂಕಿ ಕ್ಯಾಪ್ ಹಾಕಿಕೊಂಡು, ಶಾಲು ಹೊದ್ದು ಬಾಲ್ಕನಿಯಲ್ಲಿ ಕೂತವರು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಹೊಟ್ಟೆ ತೊಳಸುವ ಭಯ ಇದ್ದವರು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೋಣೆ ಕೇಳಿ. ತೂಗಾಟ ಅಲ್ಲಿ ಕಡಿಮೆ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಸಮುದ್ರದಲ್ಲಿ ಹೋಗುತ್ತವೆ. ವ್ಯಾಂಕೂವರ್‌ನಿಂದ ಹೊರಟರೆ ದ್ವೀಪಗಳ ಮರೆಯಲ್ಲೇ ಬಹಳ ದೂರ ಸಾಗುವುದರಿಂದ ಅಲೆಯ ಕಾಟ ಅಷ್ಟಿರದು. ಮಾತ್ರೆಯನ್ನು ಹಡಗು ಅಲ್ಲಾಡುವ ಮೊದಲೇ ನುಂಗಬೇಕು, ವಾಂತಿ ಶುರುವಾದಮೇಲಲ್ಲ.

ಇನ್ನು ದುಡ್ಡು. ಜಾಹೀರಾತಿನ ದರ ಬರೀ ಮುಂಗಡ ಅಂದುಕೊಳ್ಳಿ. ಬಂದರು ಶುಲ್ಕ, ತೆರಿಗೆ, ತಲೆಗೆ ದಿನಕ್ಕಿಷ್ಟೆಂದು ಟಿಪ್ಸ್ (ಮಕ್ಕಳಿಗೂ ಸೇರಿಸಿ), ವೈಫೈ, ದಡದ ಟೂರುಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಕಂಪನಿಗಳಿಗೆ ದೊಡ್ಡ ಗಳಿಕೆ ಬಾರು, ಕ್ಯಾಸಿನೊ, ಟೂರುಗಳಿಂದ. ಕುಡಿಯದ, ಜೂಜಾಡದ, ಎರಡು ಹೊತ್ತೂ ಬಫೆಯಲ್ಲೇ ಉಣ್ಣುವ ನಮ್ಮಂಥ ಸಂಸಾರದಿಂದ ಅವರಿಗೆ ಗಿಟ್ಟುವುದು ಅಷ್ಟಕ್ಕಷ್ಟೆ. ಆ ಮಟ್ಟಿಗೆ ಪಕ್ಕದ ಟೇಬಲ್ಲಿನವರ ಖರ್ಚಿನಲ್ಲಿ ನಾವು ತಿರುಗಾಡುತ್ತೇವೆ ಎನ್ನಬಹುದು! ಫೋನನ್ನು ಮಾತ್ರ ಹತ್ತಿದ ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿ. ನಡುಗಡಲಲ್ಲಿ ಹಡಗಿನ ಮೊಬೈಲ್ ನೆಟ್‌ವರ್ಕ್ ತಾನಾಗಿಯೇ ಹಿಡಿದುಕೊಂಡರೆ ಬಿಲ್ಲು ನೋಡಿ ತಲೆ ತಿರುಗುತ್ತದೆ. ಊರಿನಿಂದ ಬಂದವರಿಗೆ ಇನ್ಶೂರೆನ್ಸ್ ಇಲ್ಲದೆ ಹತ್ತಬೇಡಿ, ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚೂ ಅದರಲ್ಲಿ ಸೇರಿರಲಿ.

ಸಸ್ಯಾಹಾರ ಎಂದು ಬುಕಿಂಗ್‌ನಲ್ಲೇ ಬರೆಸಿ, ಮೊದಲ ರಾತ್ರಿ ಡೈನಿಂಗ್ ಹಾಲಿನ ಹೆಡ್ ವೇಟರ್‌ಗೆ ಬಾಯಿಬಿಟ್ಟೂ ಹೇಳಿ. ಹಡಗಿನ ಕೆಲಸದವರಲ್ಲಿ ನಮ್ಮ ದೇಶದವರು ಬಹಳ. ಅಮ್ಮ ಪಾಸ್ತಾ ಕೆದಕುತ್ತ ‘ಒಂಚೂರು ಖಾರ ಇದ್ದಿದ್ರೆ’ ಅಂದದ್ದು ಮಂಗಳೂರು ಕಡೆಯ ಹುಡುಗನ ಕಿವಿಗೆ ಬಿದ್ದು, ‘ನಾಳೆ ದಾಲ್ ಮಾಡಿಸ್ತೇನೆ ಅಮ್ಮ’ ಅಂದ. ಕೊನೆಯವರೆಗೂ ಮಾಡಿಸಿದ. ಕೆಟಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್ ಒಯ್ಯಬೇಡಿ, ತಪಾಸಣೆಯಲ್ಲೇ ಎತ್ತಿಟ್ಟುಕೊಳ್ಳುತ್ತಾರೆ. ಬಫೆಗೆ ಹೋಗುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವ ನೊರೊವೈರಸ್ ಸ್ಯಾನಿಟೈಸರಿಗೆ ಜಗ್ಗುವುದಿಲ್ಲ.

ದಡದ ಟೂರುಗಳಲ್ಲಿ ಎಲ್ಲವೂ ಬೇಕಿಲ್ಲ. ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ರೈಲು ತಪ್ಪಿಸಬೇಡಿ. ಕ್ಲೊಂಡೈಕ್ ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರೊಳಗೆ ಬಂಡೆ ಸಿಡಿಸಿ ಹಾಕಿದ ದಾರಿ ಅದು. ಕೂತಲ್ಲೇ ಬೆಟ್ಟ ಹತ್ತಿ ಇಳಿಯಬಹುದು. ಕೆಚಿಕನ್‌ನಲ್ಲಿ ಮಳೆ ಗ್ಯಾರಂಟಿ, ಆಗುಂಬೆ ನೋಡಿದವರು ಬಂದರಿನ ಬೀದಿ ಸುತ್ತಿ ವಾಪಸಾದರೆ ನಷ್ಟವಿಲ್ಲ. ಹಡಗಿನವರ ಟೂರು ತಡವಾದರೆ ಹಡಗು ಕಾಯುತ್ತದೆ, ಹೊರಗೆ ಅಗ್ಗಕ್ಕೆ ಮಾಡಿಕೊಂಡದ್ದು ತಡವಾದರೆ ಕಾಯುವುದಿಲ್ಲ. ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ಅಲ್ಲಿ ಹಡಗು ತಪ್ಪಿದರೆ ವಿಮಾನವೋ ಫೆರಿಯೋ ಹಿಡಿಯಬೇಕು.

ಹಡಗು ಆರಿಸುವಾಗ ನಾನು ನೋಡಿದ್ದು ದಾರಿಯಲ್ಲಿ ಗ್ಲೇಸಿಯರ್ ಬೇ ನ್ಯಾಷನಲ್ ಪಾರ್ಕ್ ಇದೆಯೇ ಎಂಬುದೊಂದನ್ನೇ. ದಿನಕ್ಕೆ ಹೆಚ್ಚೆಂದರೆ ಎರಡು ಕ್ರೂಸ್ ಹಡಗುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಪಾರ್ಕಿನ ರೇಂಜರುಗಳೇ ಹಡಗು ಹತ್ತಿ ವಿವರಿಸುತ್ತಾರೆ. 1794ರಲ್ಲಿ ಈ ಕೊಲ್ಲಿಯ ಬಾಯಲ್ಲೇ ಹಿಮದ ಗೋಡೆ ನಿಂತಿತ್ತಂತೆ. 1916ರ ಹೊತ್ತಿಗೆ ಅದು ನೂರು ಕಿಲೋಮೀಟರ್ ಹಿಂದೆ ಸರಿದಿತ್ತು. ನೀರಾವರಿ ಇಲಾಖೆಯಲ್ಲಿ ಜನ್ಮ ತೇಯ್ದ ಅಪ್ಪ ರೇಂಜರಮ್ಮನನ್ನು ಹಿಡಿದು ಹೂಳಿನ ಬಗ್ಗೆ ವಿಚಾರಿಸುತ್ತಿದ್ದಾಗಲೇ ಎದುರಿನ ನೀಲಿ ಗೋಡೆಯಿಂದ ಮನೆಯಷ್ಟು ತುಂಡು ಕಳಚಿತು. ಮೊದಲು ಕಾಣಿಸಿತು, ಸದ್ದು ಆಮೇಲೆ ಬಂತು. ಅಪ್ಪ ಅರ್ಧಕ್ಕೇ ಮಾತು ನಿಲ್ಲಿಸಿದ್ದು ನಾನು ಕಂಡದ್ದು ಅಲ್ಲೇ. ಹಡಗು ನಿಧಾನವಾಗಿ ಸುತ್ತ ತಿರುಗುವುದರಿಂದ ಎರಡೂ ಬದಿಯ ಬಾಲ್ಕನಿಗೂ ಇದು ಕಾಣುತ್ತದೆ, ಬದಿಗಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಕೊನೆಯ ರಾತ್ರಿ ಸೂಟ್‌ಕೇಸುಗಳನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ. ಅವು ಮತ್ತೆ ಸಿಗುವುದು ಬೆಳಿಗ್ಗೆ ದಡದ ಮೇಲೆ. ಪಾಸ್‌ಪೋರ್ಟ್, ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ನಮ್ಮ ಜೊತೆಗಿದ್ದ ಹುಬ್ಬಳ್ಳಿಯ ಹಿರಿಯರೊಬ್ಬರು ಪ್ಯಾಂಟುಗಳನ್ನೆಲ್ಲ ಅಚ್ಚುಕಟ್ಟಾಗಿ ಮಡಿಸಿ ಹೊರಗಿಟ್ಟುಬಿಟ್ಟಿದ್ದರು. ಮರುದಿನ ಲುಂಗಿಯಲ್ಲೇ ಇಮಿಗ್ರೇಷನ್ ಸಾಲಿನಲ್ಲಿ ನಿಂತರು. ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ಲುಂಗಿ ನೋಡಿದ, ಏನೂ ಕೇಳದೆ ಮುಂದೆ ಹೋಗಲು ಕೈಮಾಡಿದ.