ಬಣ್ಣ ನೋಡಿ ಬೆಲೆ ಕಟ್ಟಬೇಡಿ

ಅಂದು ಸಂತೆ. ಅಕ್ಕ ತಂಗಿ ತರಕಾರಿ ಕೊಂಡು ಹೊರಟಿದ್ದರು. ಒಬ್ಬ ಮನುಷ್ಯ ಅಡ್ಡ ಬಂದ. ಅವನ ಅಂಗೈಯಲ್ಲಿ ಒಂದು ಪುಟ್ಟ ನಾಣ್ಯ. ಒಂದು ಕಡೆ ನೀಲಿ, ಒಂದು ಕಡೆ ನೇರಳೆ.

"ಅಮೆರಿಕದ್ದು, ತಾಯಿ. ಶುದ್ಧ ತಾಮ್ರ. ಇಂಥ ಬಣ್ಣ ಲಕ್ಷಕ್ಕೊಂದು. ಈಗ ಮಾಡೋದೇ ನಿಲ್ಲಿಸಿದ್ದಾರೆ. ಬರೀ ಐನೂರು ರೂಪಾಯಿ."

ತಂಗಿ ಸೆರಗಿನ ಗಂಟು ಬಿಚ್ಚಿದಳು. ಅಕ್ಕ ಅವಳ ಕೈ ಹಿಡಿದಳು.

"ತಡಿಯೇ. ಅದರ ಮೇಲೆ ಯಾವ ಇಸವಿ ಇದೆ, ಮೊದಲು ಓದು."

"1996 ಅಂತ ಇದೆ, ಅಕ್ಕಾ."

"ಹಾಗಾದ್ರೆ ಒಳಗೆ ತಾಮ್ರ ಇಲ್ಲ. ಸತು ಇದೆ. ನಡಿ ಮನೆಗೆ."

ಅಕ್ಕ ಹೇಳಿದ್ದು ನಿಜ. ಈ ನಾಣ್ಯದ ಹೆಸರು ಸೆಂಟ್. ನೂರು ಸೆಂಟ್ ಸೇರಿದರೆ ಒಂದು ಡಾಲರ್. ಮೊದಲು ಇದರಲ್ಲಿ ನೂರಕ್ಕೆ 95 ಪಾಲು ತಾಮ್ರ ಇತ್ತು. ತಾಮ್ರದ ಬೆಲೆ ಏರಿತು. ಆದ್ದರಿಂದ 1982ರಲ್ಲಿ ಬದಲಾಯಿಸಿದರು. ಆಮೇಲಿನ ನಾಣ್ಯದಲ್ಲಿ ನೂರಕ್ಕೆ 97.5 ಪಾಲು ಸತು. ತಾಮ್ರ ಎರಡೂವರೆ ಪಾಲು ಮಾತ್ರ. ಅದೂ ಮೇಲಿನ ಲೇಪ. ಗಿಲೀಟು ಒಡವೆ ಇದ್ದ ಹಾಗೆ. ಹಳೆಯ ನಾಣ್ಯದ ತೂಕ 3.11 ಗ್ರಾಂ. ಹೊಸದು 2.5 ಗ್ರಾಂ.

2025ರ ನವೆಂಬರಿನಲ್ಲಿ ಚಲಾವಣೆಗಾಗಿ ಸೆಂಟ್ ಅಚ್ಚು ಹಾಕುವುದನ್ನು ನಿಲ್ಲಿಸಿದರು. ಆದರೆ ಕೋಟಿಗಟ್ಟಲೆ ಸೆಂಟ್‌ಗಳು ಜನರ ಬಳಿ ಇವೆ. ನಿಂತಿತು ಎಂದ ಮಾತ್ರಕ್ಕೆ ಅಪರೂಪ ಆಗುವುದಿಲ್ಲ.

ಬಣ್ಣ ಎಲ್ಲಿಂದ ಬಂತು?

ತಾಮ್ರಕ್ಕೆ ಗಾಳಿ, ತೇವ ತಾಗಿದರೆ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲೆ ಬೆಳಕು ಬಿದ್ದಾಗ ಬಣ್ಣಗಳು ಕಾಣುತ್ತವೆ. ನಿಂತ ನೀರಿನ ಮೇಲೆ ಎಣ್ಣೆ ತೇಲಿದರೆ ಕಾಮನಬಿಲ್ಲು ಕಾಣುವುದಿಲ್ಲವೇ? ಹಾಗೆಯೇ. ಪೊರೆ ದಪ್ಪವಾದಂತೆ ನಾಣ್ಯ ಕಂದು ಬಣ್ಣಕ್ಕೆ ತಿರುಗುತ್ತದೆ. ನಾಣ್ಯ ಕೂಡಿಡುವ ಕೆಲವರು ತಾನಾಗಿ ಬಂದ ಚೆಂದದ ಬಣ್ಣಕ್ಕೆ ಹೆಚ್ಚು ಹಣ ಕೊಡುವುದುಂಟು. ಆದರೆ ಬೆಂಕಿಯ ಕಾವು ತಾಗಿಸಿಯೂ ಇಂಥ ಬಣ್ಣ ಬರಿಸಬಹುದು. ಯಾವುದು ಹೇಗೆ ಬಂತೆಂದು ತಿಳಿದವರೇ ಹೇಳಬೇಕು.

ಅಕ್ಕ ಕೆಡಿಸಿದ ನಾಣ್ಯ

ಅಕ್ಕನ ಅಳಿಯ ಅಮೆರಿಕದಿಂದ ಒಂದು ಸೆಂಟ್ ತಂದಿದ್ದ. ಅದು ಕಪ್ಪಾಯಿತು. ಅಕ್ಕ ತಾಮ್ರದ ಚೊಂಬು ಬೆಳಗಿದ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದಳು. ಹೊಳೆಯಿತು. ಕೆಲವು ದಿನಕ್ಕೆ ಬೂದು ಚುಕ್ಕೆ ಎದ್ದವು. ಬಿಳಿ ಪುಡಿ ಉದುರಿತು.

ಏಕೆ? ಚೊಂಬು ಪೂರ್ತಿ ತಾಮ್ರ. ತಿಕ್ಕಿದರೂ ಒಳಗೆ ತಾಮ್ರವೇ. ನಾಣ್ಯದ ಲೇಪ ಕೂದಲಿಗಿಂತ ತೆಳು. ಅದು ಗೀರಿದರೆ ಹುಳಿ, ಉಪ್ಪು ಒಳಗಿನ ಸತುವನ್ನು ತಿನ್ನುತ್ತವೆ.

ಎಚ್ಚರ! ಇಂಥ ನಾಣ್ಯ ಮಕ್ಕಳ ಕೈಗೆ ಸಿಗಬಾರದು. ಮಗು ನುಂಗಿದರೆ ಹೊಟ್ಟೆಯ ಹುಳಿಯಲ್ಲಿ ಸತು ಕರಗಿ ಹುಣ್ಣು ಆಗಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ತಂಗಿಯ ಐನೂರು ರೂಪಾಯಿ ಉಳಿಯಿತು. ಉಳಿಸಿದ್ದು ನಾಲ್ಕು ಅಂಕಿಯ ಓದು.

ಓದಿ, ಉತ್ತರ ಹೇಳಿ
1. 1982ರಲ್ಲಿ ಸೆಂಟ್ ನಾಣ್ಯವನ್ನು ಏಕೆ ಬದಲಾಯಿಸಿದರು?
2. ಹಳೆಯ ನಾಣ್ಯ ಹೊಸದಕ್ಕಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೆ?
3. ಹೊಳಪು ನೋಡಿ ನೀವು ಮೋಸ ಹೋದದ್ದುಂಟೇ? ಗುಂಪಿನಲ್ಲಿ ಮಾತಾಡಿ.